ಹತ್ತು ಜನರ ಹತ್ತು ಮಾತು: ಯಾವುದಕ್ಕೆ ಕಿವಿ ಕೊಡಬೇಕು?

ಮೇ ತಿಂಗಳ ಕೊನೆ ಬಂತೆಂದರೆ ಮಲೆನಾಡಿನ ಅಡಿಕೆ ಬೆಳೆಗಾರರ ಬಾಯಲ್ಲಿ ಒಂದೇ ಪ್ರಶ್ನೆ: 'ಔಷಧಿ ಹೊಡೆಸಿ ಆಯ್ತಾ?' ಮಳೆ ಬಿಡದೆ ಹಿಡಿದರೆ ಕೊಳೆರೋಗ ಬರುತ್ತದೆ. ಎಳೆ ಕಾಯಿ ಕೊಳೆತು ಉದುರುತ್ತದೆ. ಹದಿನೈದು ದಿನ ಮೈಮರೆತರೆ ವರ್ಷದ ಬೆಳೆ ಮರದ ಬುಡದಲ್ಲಿ ಬಿದ್ದಿರುತ್ತದೆ. ಇದಕ್ಕೆ ತಲೆಮಾರುಗಳಿಂದ ಬಳಸುತ್ತಿರುವ ಮದ್ದು ಬೋರ್ಡೋ ದ್ರಾವಣ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ. ಮಳೆಗೆ ಮೊದಲು ಒಂದು ಸಲ, ಅದಾಗಿ 40-45 ದಿನಕ್ಕೆ ಇನ್ನೊಂದು ಸಲ.

ಎರಡು ವರ್ಷದ ಹಿಂದೆ ನಾನು ಎರಡೂ ಸಲ ಹೊಡೆಸಿದ್ದೆ. ಆದರೂ ಕೊಳೆ ಬಂತು. ಬಿದ್ದ ಕಾಯಿ ಹೆಕ್ಕುತ್ತಿರುವಾಗ ಪಕ್ಕದ ತೋಟದ ಹಿರಿಯರು ಬೇಲಿಯಾಚೆ ನಿಂತು, ಆಳುಗಳೆಲ್ಲ ಕೇಳುವಂತೆ ಹೇಳಿದರು: 'ಏನೋ ತಮ್ಮಾ, ನೀನು ಹೊಡೆಸಿದ್ದು ಔಷಧಿ ಅಲ್ಲ, ಬರೀ ನೀಲಿ ನೀರು. ಕತ್ತಿ ಅದ್ದಿ ನೋಡಿದ್ಯಾ?'

ನನಗೆ ಮೈಯೆಲ್ಲ ಉರಿಯಿತು. ಮಾತಾಡದೆ ಒಳಗೆ ಬಂದೆ. ಆಮೇಲೆ ಒಂದು ವಾರ ಸಲಹೆಗಳದ್ದೇ ಮಳೆ. ಗೊಬ್ಬರದ ಅಂಗಡಿಯವರು ಹೊಸ ಬಾಟಲಿ ತೋರಿಸಿದರು. ಬೆಂಗಳೂರಿನ ಭಾವ ವಿಡಿಯೋ ಕಳಿಸಿದರು. ವಾಟ್ಸಾಪ್ ಗ್ರೂಪಿನಲ್ಲಿ 'ಬೋರ್ಡೋ ಕಾಲ ಮುಗೀತು' ಎಂಬ ಮಾತು ನಾಲ್ಕು ಕಡೆಯಿಂದ ಬಂತು. ಇಷ್ಟರಲ್ಲಿ ಯಾವ ಮಾತು ಕೇಳಬೇಕಿತ್ತು, ಯಾವುದನ್ನು ಬಿಡಬೇಕಿತ್ತು ಎಂಬುದು ನನಗೆ ತಿಳಿದದ್ದು ಪೂರ್ತಿ ಒಂದು ವರ್ಷ ಕಳೆದ ಮೇಲೆ.

ತೋಟ ಇಲ್ಲದವರಿಗೂ ಈ ಪಾಡು ಹೊಸದಲ್ಲ. ಮಗಳ ಪಿಯುಸಿ ರಿಸಲ್ಟ್ ಬಂದ ದಿನ, ಮನೆ ಕಟ್ಟಿಸಲು ಹೊರಟಾಗ, ಮನೆಯಲ್ಲಿ ಒಬ್ಬರಿಗೆ ದೊಡ್ಡ ಕಾಯಿಲೆ ಬಂದಾಗ, ಬರೆದದ್ದನ್ನೋ ಹಾಡಿದ್ದನ್ನೋ ನಾಲ್ಕು ಜನರ ಮುಂದೆ ಇಟ್ಟಾಗ, ಹೇಳುವವರಿಗೆ ಬರ ಇರುವುದಿಲ್ಲ. ಎಲ್ಲರ ಮಾತನ್ನೂ ಕೇಳಿದರೆ ಒಂದು ಹೆಜ್ಜೆಯೂ ಮುಂದಿಡಲು ಆಗುವುದಿಲ್ಲ. ಯಾರ ಮಾತನ್ನೂ ಕೇಳದಿದ್ದರೆ ಕೊಳೆ ಬರುತ್ತದೆ. ಹಾಗಾದರೆ ತೂಗುವುದು ಹೇಗೆ? ಇದರ ಬಗ್ಗೆ ವಿಜ್ಞಾನಿಗಳೂ ಮನಶ್ಶಾಸ್ತ್ರಜ್ಞರೂ ಬಹಳ ಕೆಲಸ ಮಾಡಿದ್ದಾರೆ. ಅದನ್ನು ಬುಡದಿಂದ ನೋಡೋಣ.

ಒಂದು ಟೀಕೆಯೊಳಗೆ ಮೂರು ಮಾತು

ಮದುವೆ ಊಟದಲ್ಲಿ ಒಬ್ಬರು ಅಡುಗೆ ಭಟ್ಟರನ್ನು ಕರೆದು ಹೇಳುತ್ತಾರೆ: 'ಸಾರು ಹುಳಿ ಆಗಿದೆ. ಹುಣಸೆಹಣ್ಣು ಜಾಸ್ತಿ ಬಿದ್ದಿದೆ. ಸ್ವಲ್ಪ ಬೆಲ್ಲ ಹಾಕಿ.' ಕೇಳುವುದಕ್ಕೆ ಒಂದೇ ಮಾತು. ಬಿಡಿಸಿದರೆ ಮೂರು.

ಮೊದಲನೆಯದು, ಅವರಿಗೆ ಕಂಡದ್ದು: ಸಾರು ಹುಳಿ. ಎರಡನೆಯದು, ಅವರು ಊಹಿಸಿದ ಕಾರಣ: ಹುಣಸೆ ಜಾಸ್ತಿ. ಮೂರನೆಯದು, ಅವರು ಕೊಟ್ಟ ಪರಿಹಾರ: ಬೆಲ್ಲ ಹಾಕಿ.

ನಾಲಿಗೆ ಅವರದು. ಹುಳಿ ಅನ್ನಿಸಿದರೆ ಅನ್ನಿಸಿತು, ಭಟ್ಟರು ವಾದ ಮಾಡುವಂತಿಲ್ಲ. ಆದರೆ ಕಾರಣ ಬೇರೆ ಇರಬಹುದು. ಟೊಮೆಟೊ ನಾಟಿಯದ್ದಿರಬಹುದು, ಉಪ್ಪು ಕಡಿಮೆಯಾಗಿ ಹುಳಿ ಎದ್ದು ಕಂಡಿರಬಹುದು. ಪರಿಹಾರವಂತೂ ಪೂರ್ತಿ ಭಟ್ಟರ ಕೈಯಲ್ಲಿರುವ ವಿಷಯ. ಅನುಭವಸ್ಥ ಭಟ್ಟರು 'ಆಯ್ತು ಸ್ವಾಮಿ' ಎಂದು ಒಳಗೆ ಹೋಗಿ, ಸೌಟಿನಲ್ಲಿ ತೆಗೆದು ರುಚಿ ನೋಡಿ, ತಮಗೆ ಸರಿ ಕಂಡದ್ದನ್ನು ಮಾಡುತ್ತಾರೆ.

ನಾವು ಎಡವುವುದು ಇಲ್ಲೇ. ಮೂರನ್ನೂ ಒಟ್ಟಿಗೆ ನುಂಗುತ್ತೇವೆ, ಇಲ್ಲವೇ ಮೂರನ್ನೂ ಒಟ್ಟಿಗೆ ಉಗುಳುತ್ತೇವೆ. ಪರಿಹಾರ ಸರಿಯಿಲ್ಲ ಎಂದ ಕೂಡಲೇ ಕಂಡದ್ದನ್ನೂ ಸುಳ್ಳು ಮಾಡಿಬಿಡುತ್ತೇವೆ. ಹಾಗಾಗಿ 'ಇವರ ಮಾತು ಕೇಳಬೇಕೇ' ಎಂಬ ಪ್ರಶ್ನೆಯೇ ಸ್ವಲ್ಪ ದೊಡ್ಡದಾಯಿತು. 'ಇವರು ಹೇಳಿದ್ದರಲ್ಲಿ ಯಾವ ಭಾಗ ಇವರಿಗೆ ಗೊತ್ತಿರಲು ಸಾಧ್ಯ' ಎಂದು ಕೇಳಿಕೊಂಡರೆ ಉತ್ತರ ಸಿಗುತ್ತದೆ. ಹೀಗೆ ಬಿಡಿಸದೆ ಹೋದದ್ದರಿಂದ ಎಷ್ಟು ಜೀವ ಹೋಯಿತು ಎಂಬುದಕ್ಕೆ ಒಂದು ಹಳೆಯ ಆಸ್ಪತ್ರೆಯ ಕಥೆ ಇದೆ.

ವಿಯೆನ್ನಾದ ಎರಡು ಹೆರಿಗೆ ವಾರ್ಡು

1840ರ ದಶಕ. ವಿಯೆನ್ನಾ ನಗರದ ದೊಡ್ಡಾಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಮೊದಲನೆಯದರಲ್ಲಿ ವೈದ್ಯರು ಮತ್ತು ವೈದ್ಯಕೀಯ ವಿದ್ಯಾರ್ಥಿಗಳು ಹೆರಿಗೆ ಮಾಡಿಸುತ್ತಿದ್ದರು. ಎರಡನೆಯದರಲ್ಲಿ ಸೂಲಗಿತ್ತಿಯರು. ಇವತ್ತು ಬಂದವರು ಒಂದಕ್ಕೆ, ನಾಳೆ ಬಂದವರು ಇನ್ನೊಂದಕ್ಕೆ ಎಂದು ದಿನದ ಲೆಕ್ಕದಲ್ಲಿ ಸೇರಿಸಿಕೊಳ್ಳುತ್ತಿದ್ದರು. ಬಾಣಂತಿ ಜ್ವರದಿಂದ ಸಾಯುವವರು ಎರಡೂ ಕಡೆ ಇದ್ದರು. ಆದರೆ ವೈದ್ಯರ ವಿಭಾಗದಲ್ಲಿ ಸಾವು ಬಹಳ ಹೆಚ್ಚು. 1846ರಲ್ಲಿ ಅಲ್ಲಿ ನೂರಕ್ಕೆ 11 ಮಂದಿ ತೀರಿಕೊಂಡರೆ, ಸೂಲಗಿತ್ತಿಯರ ಕಡೆ ನೂರಕ್ಕೆ ಮೂವರೂ ಇಲ್ಲ.

ಇದನ್ನು ಊರಿನ ಬಡ ಹೆಂಗಸರು ಚೆನ್ನಾಗಿ ಬಲ್ಲವರಾಗಿದ್ದರು. ಮೊದಲ ವಿಭಾಗಕ್ಕೆ ಹಾಕಬೇಡಿ ಎಂದು ಮಂಡಿಯೂರಿ ಬೇಡುತ್ತಿದ್ದರು. ಕೆಲವರು ದಾರಿಯಲ್ಲೇ ಹೆತ್ತು, ಆಮೇಲೆ ಆಸ್ಪತ್ರೆಗೆ ಬರುತ್ತಿದ್ದರು. ಬೀದಿಯಲ್ಲಿ ಹೆತ್ತವರಿಗೆ ಜ್ವರ ಬರುವುದು ಕಡಿಮೆ! ಕಾರಣ ಏನೆಂದು ಆ ಹೆಂಗಸರಿಗೆ ಗೊತ್ತಿರಲಿಲ್ಲ. ಪರಿಹಾರವೂ ಗೊತ್ತಿರಲಿಲ್ಲ. ಆದರೆ ಕಂಡದ್ದನ್ನು ಹೇಳುತ್ತಿದ್ದರು, ಅದು ನಿಜವಾಗಿತ್ತು. ದೊಡ್ಡ ವೈದ್ಯರಿಗೆ ಅದು ಓದುಬರಹ ಇಲ್ಲದವರ ಹೆದರಿಕೆಯಂತೆ ಕಂಡಿತು.

ಆ ವಿಭಾಗಕ್ಕೆ 1846ರಲ್ಲಿ ಸಹಾಯಕ ವೈದ್ಯನಾಗಿ ಬಂದವನು ಇಗ್ನಾಜ್ ಸೆಮ್ಮೆಲ್‌ವೈಸ್ ಎಂಬ ಹಂಗೇರಿಯ ತರುಣ. ಅವನು ಹೆಂಗಸರ ಮಾತನ್ನು ನಿಜವೆಂದೇ ಇಟ್ಟುಕೊಂಡ. ಕಾರಣಕ್ಕೆ ಬಂದಾಗ ಮಾತ್ರ ಯಾರ ಮಾತನ್ನೂ ಸುಮ್ಮನೆ ಒಪ್ಪಲಿಲ್ಲ. ಜನಸಂದಣಿಯಿಂದ ಜ್ವರ ಬರುತ್ತದೆ ಎಂದರು. ಎರಡನೆಯ ವಿಭಾಗದಲ್ಲೇ ಜನ ಜಾಸ್ತಿ ಇದ್ದರು, ಆ ಕಾರಣ ಬಿತ್ತು. ಸಾಯುವವರ ಬಳಿಗೆ ಪಾದ್ರಿ ಗಂಟೆ ಬಾರಿಸುತ್ತ ಹೋಗುವುದರಿಂದ ಬಾಣಂತಿಯರು ಹೆದರಿ ಕಾಯಿಲೆ ಬೀಳುತ್ತಾರೆ ಎಂದರು. ಪಾದ್ರಿಗೆ ಹೇಳಿ ಗಂಟೆ ನಿಲ್ಲಿಸಿ, ದಾರಿ ಬದಲಿಸಿ ನೋಡಿದ. ಏನೂ ಬದಲಾಗಲಿಲ್ಲ. ಅದೂ ಬಿತ್ತು.

1847ರಲ್ಲಿ ಅವನ ಸಹೋದ್ಯೋಗಿಯೊಬ್ಬರಿಗೆ ಹೆಣ ಕೊಯ್ಯುವಾಗ ಚಾಕು ತಗುಲಿ, ಬಾಣಂತಿ ಜ್ವರದಂಥದ್ದೇ ಲಕ್ಷಣಗಳು ಬಂದು ತೀರಿಕೊಂಡರು. ಆಗ ಹೊಳೆಯಿತು. ವೈದ್ಯರು ಬೆಳಿಗ್ಗೆ ಹೆಣ ಕೊಯ್ದು ಅದೇ ಕೈಯಲ್ಲಿ ಹೆರಿಗೆಗೆ ಬರುತ್ತಿದ್ದರು. ಸೂಲಗಿತ್ತಿಯರು ಹೆಣ ಮುಟ್ಟುತ್ತಿರಲಿಲ್ಲ. ಮೇ ತಿಂಗಳಿಂದ ಕ್ಲೋರಿನ್ ಸುಣ್ಣದ ನೀರಿನಲ್ಲಿ, ಅಂದರೆ ನಮ್ಮ ಬ್ಲೀಚಿಂಗ್ ಪೌಡರಿನಂಥದ್ದರಲ್ಲಿ, ಕೈ ತೊಳೆದೇ ಒಳಗೆ ಬರಬೇಕು ಎಂದು ಕಟ್ಟುನಿಟ್ಟು ಮಾಡಿದ. ಏಪ್ರಿಲ್‌ನಲ್ಲಿ ನೂರಕ್ಕೆ 18 ಇದ್ದ ಸಾವು ಜೂನ್ ಹೊತ್ತಿಗೆ ನೂರಕ್ಕೆ 2ರ ಆಸುಪಾಸಿಗೆ ಇಳಿಯಿತು.

ಕಾಯಿಲೆ ಅನುಭವಿಸುವವರಿಗೆ ನೋವು ಎಲ್ಲಿದೆ ಎಂಬುದು ಎಲ್ಲರಿಗಿಂತ ಚೆನ್ನಾಗಿ ಗೊತ್ತು. ಯಾಕೆ ಎಂಬುದಕ್ಕೆ ಬೇರೆ ಕಣ್ಣು ಬೇಕು. ಬಸ್ಸಿನಲ್ಲಿ ದಿನಾ ಓಡಾಡುವವರು, ಅಂಗಡಿಗೆ ಬರುವ ಗಿರಾಕಿ, ಪಾಠ ಕೇಳುವ ಮಕ್ಕಳು, ಇವರ ದೂರುಗಳನ್ನು 'ಅವರಿಗೇನು ಗೊತ್ತು' ಎಂದು ತಳ್ಳಿದರೆ ನಾವು ಆ ವೈದ್ಯರ ಸಾಲಿಗೇ ಸೇರುತ್ತೇವೆ.

ಗಡಸು ಮಾತಿನಲ್ಲಿ ಬಂದ ನಿಜ

ಸೆಮ್ಮೆಲ್‌ವೈಸ್ ಕಥೆ ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಅನೇಕ ವೈದ್ಯರು ಅವನನ್ನು ಒಪ್ಪಲಿಲ್ಲ. ಕೈ ತೊಳೆಯಿರಿ ಎಂದರೆ 'ಇಷ್ಟು ದಿನ ಕೊಂದದ್ದು ನೀವೇ' ಎಂದಂತಾಗುತ್ತಿತ್ತು. ಹೆಣದ ಕಣಗಳು ಜ್ವರ ಹೇಗೆ ತರುತ್ತವೆ ಎಂಬುದಕ್ಕೆ ಅವನ ಬಳಿ ಪೂರ್ತಿ ವಿವರಣೆಯೂ ಇರಲಿಲ್ಲ. ರೋಗಾಣುಗಳ ವಿಚಾರ ಗಟ್ಟಿಯಾದದ್ದು ಆಮೇಲೆ. ಹತಾಶನಾಗಿ 1860ರ ದಶಕದ ಮೊದಲಲ್ಲಿ ಅವನು ಯುರೋಪಿನ ಪ್ರಸಿದ್ಧ ವೈದ್ಯರಿಗೆ ಬಹಿರಂಗ ಪತ್ರ ಬರೆದ, ಅವರನ್ನು ಕೊಲೆಗಾರರು ಎಂದ. ಕೇಳುವ ಮನಸ್ಸಿದ್ದವರೂ ದೂರವಾದರು. 1865ರಲ್ಲಿ ಮಾನಸಿಕ ಆಸ್ಪತ್ರೆಯಲ್ಲಿ ತೀರಿಕೊಂಡ.

ಇಲ್ಲಿ ತಪ್ಪು ಯಾರದು ಎಂದು ಕೇಳಿದರೆ, ನನ್ನ ಲೆಕ್ಕದಲ್ಲಿ ಕೇಳುವವರದೇ ದೊಡ್ಡ ಪಾಲು. ಮಾತಿನ ಧಾಟಿ ಹೇಳುವವನ ಮನಸ್ಸಿನ ಸ್ಥಿತಿಯನ್ನು ತಿಳಿಸುತ್ತದೆ. ಮಾತು ನಿಜವೋ ಸುಳ್ಳೋ ಎಂಬುದನ್ನು ತಿಳಿಸುವುದಿಲ್ಲ. ನಯವಾಗಿ ಸುಳ್ಳು ಹೇಳುವವರಿದ್ದಾರೆ, ಬೈಯುತ್ತಲೇ ನಿಜ ಹೇಳುವವರೂ ಇದ್ದಾರೆ.

ಹಾಗಂತ ಬೈಗುಳವನ್ನೆಲ್ಲ ಟೀಕೆ ಎಂದು ತಲೆಗೆ ಹಾಕಿಕೊಳ್ಳಬೇಕಿಲ್ಲ. ಎರಡಕ್ಕೂ ಸ್ಪಷ್ಟ ವ್ಯತ್ಯಾಸ ಇದೆ. ಟೀಕೆ ಒಂದು ವಸ್ತುವನ್ನೋ ಕೆಲಸವನ್ನೋ ಬೊಟ್ಟು ಮಾಡಿ ತೋರಿಸುತ್ತದೆ: ಈ ಸಾಲು, ಈ ಗೋಡೆ, ಈ ಲೆಕ್ಕ. ಬೈಗುಳ ಮನುಷ್ಯನನ್ನು ಮಾತ್ರ ತೋರಿಸುತ್ತದೆ: ನಿನ್ನ ಕೈಲಾಗುವುದಿಲ್ಲ, ನಿಮ್ಮಂಥವರದ್ದೆಲ್ಲ ಇಷ್ಟೇ. ಮೊದಲನೆಯದನ್ನು ಹೋಗಿ ನೋಡಬಹುದು. ಎರಡನೆಯದರಲ್ಲಿ ನೋಡಲು ಏನೂ ಇಲ್ಲ, ಅದನ್ನು ಬಿಟ್ಟರೆ ನಷ್ಟವೂ ಇಲ್ಲ. ಕಷ್ಟ ಏನೆಂದರೆ ಎರಡೂ ಒಂದೇ ಉಸಿರಿನಲ್ಲಿ ಬರುತ್ತವೆ. ಬೇಲಿಯಾಚೆಯ ಹಿರಿಯರ ಮಾತನ್ನೇ ನೋಡಿ. 'ಬರೀ ನೀಲಿ ನೀರು' ಎಂಬುದು ಚುಚ್ಚುಮಾತು. 'ಕತ್ತಿ ಅದ್ದಿ ನೋಡಿದ್ಯಾ' ಎಂಬುದು ಅಪ್ಪಟ ಪರೀಕ್ಷೆ. ನಾನು ಮೊದಲಿನದ್ದಕ್ಕೆ ಸಿಟ್ಟಾಗಿ ಎರಡನೆಯದನ್ನು ಕೇಳಿಸಿಕೊಳ್ಳಲೇ ಇಲ್ಲ.

ಕೊನೆಗಾರನ ಕಣ್ಣು ಮತ್ತು ಅಡಿಕೆ ಧಾರಣೆ

ಅನುಭವ ಇರುವವರ ಮಾತು ಕೇಳಬೇಕು ಎನ್ನುತ್ತೇವೆ. ಎಂಥ ಅನುಭವ? ಮೂವತ್ತು ವರ್ಷ ಒಂದೇ ಕೆಲಸ ಮಾಡಿದ ಎಲ್ಲರ ಅಂದಾಜೂ ಗಟ್ಟಿಯಾಗಿರುತ್ತದೆಯೇ?

ಈ ಪ್ರಶ್ನೆಯ ಮೇಲೆ ಇಬ್ಬರು ಮನಶ್ಶಾಸ್ತ್ರಜ್ಞರಿಗೆ ಪೂರ್ತಿ ವಿರುದ್ಧ ನಿಲುವು ಇತ್ತು. ಗ್ಯಾರಿ ಕ್ಲೈನ್ ಬೆಂಕಿ ಆರಿಸುವವರಂಥ ಅನುಭವಿಗಳನ್ನು ಹತ್ತಿರದಿಂದ ನೋಡಿದ್ದವರು. ಅವರ ಒಳಮನಸ್ಸಿನ ತೀರ್ಮಾನ ಎಷ್ಟು ಚುರುಕು ಎಂದು ಬರೆದವರು. ಡೇನಿಯಲ್ ಕಾನೆಮನ್ ತಜ್ಞರ ಅಂದಾಜುಗಳು ಹೇಗೆ ತಲೆಕೆಳಗಾಗುತ್ತವೆ ಎಂದು ತೋರಿಸಿದವರು, 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದವರು. ಇಬ್ಬರೂ ಜಗಳ ಆಡುವ ಬದಲು ಒಟ್ಟಿಗೆ ಕೂತು ಕೆಲಸ ಮಾಡಿ 2009ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಅವರು ಒಪ್ಪಿಕೊಂಡದ್ದು ಎರಡು ಷರತ್ತು. ಒಂದು, ಆ ಕೆಲಸದಲ್ಲಿ ಮತ್ತೆ ಮತ್ತೆ ಕಾಣಿಸುವ ಒಂದು ಕ್ರಮ ಇರಬೇಕು. ಎರಡು, ತನ್ನ ಅಂದಾಜು ಸರಿಯೋ ತಪ್ಪೋ ಎಂಬುದು ಆ ಮನುಷ್ಯನಿಗೆ ಗೊತ್ತಾಗುತ್ತಿರಬೇಕು, ಅದರಿಂದ ಕಲಿಯಲು ಸಾಕಷ್ಟು ಅವಕಾಶ ಸಿಕ್ಕಿರಬೇಕು. ಇವೆರಡೂ ಇಲ್ಲದ ಕಡೆ ವರ್ಷಗಳು ಕಳೆದಂತೆ ಧೈರ್ಯ ಬೆಳೆಯುತ್ತದೆ, ತಿಳಿವಳಿಕೆ ಬೆಳೆಯುವುದಿಲ್ಲ.

ನಮ್ಮ ತೋಟಕ್ಕೆ ಬರುವ ಕೊನೆಗಾರನನ್ನು ನೋಡಿದರೆ ಇದು ಕಣ್ಣಿಗೆ ಕಟ್ಟುತ್ತದೆ. ಕೊನೆಗಾರ ಅಂದರೆ ಮರ ಹತ್ತಿ ಅಡಿಕೆ ಗೊನೆ ಇಳಿಸುವವನು. ನೆಲದಲ್ಲಿ ನಿಂತೇ ತಲೆಯೆತ್ತಿ ನೋಡಿ 'ಇದು ಇನ್ನೊಂದು ವಾರ ಬಿಡಿ, ಅದನ್ನು ಇವತ್ತೇ ಇಳಿಸೋಣ' ಎನ್ನುತ್ತಾನೆ. ಇಳಿಸಿ ಸುಲಿದರೆ ಅವನ ಮಾತಿನಂತೆಯೇ ಇರುತ್ತದೆ. ಯಾಕೆಂದರೆ ಕಾಯಿ ಬಲಿಯುವುದಕ್ಕೆ ಒಂದು ಕ್ರಮ ಇದೆ. ಅವನು ದಿನಕ್ಕೆ ನೂರಾರು ಗೊನೆ ನೋಡುತ್ತಾನೆ. ಅಂದಾಜು ತಪ್ಪಿದರೆ ಅಂಗಳದಲ್ಲಿ ಸುಲಿಯುವವರು ಅದೇ ಸಂಜೆ ಹೇಳಿಬಿಡುತ್ತಾರೆ. ಇಪ್ಪತ್ತು ವರ್ಷ ದಿನಾ ಪರೀಕ್ಷೆ ಬರೆದು, ದಿನಾ ಉತ್ತರಪತ್ರಿಕೆ ಕೈಗೆ ಸಿಕ್ಕ ಹಾಗೆ.

ಅದೇ ಕೊನೆಗಾರ ಕಾಫಿ ಕುಡಿಯುತ್ತ, 'ಈ ಸಲ ಧಾರಣೆ ಏರುತ್ತೆ ನೋಡಿ, ಅಡಿಕೆ ಕೊಡಬೇಡಿ' ಎಂದರೆ? ಅಡಿಕೆ ಧಾರಣೆಯನ್ನು ಆಮದು, ಸರ್ಕಾರದ ನೀತಿ, ಉತ್ತರ ಭಾರತದ ಬೇಡಿಕೆ, ಹವೆ ಎಲ್ಲವೂ ಎಳೆದಾಡುತ್ತವೆ. ಹೋದ ವರ್ಷದ ಕ್ರಮ ಈ ವರ್ಷಕ್ಕೆ ಬರುವುದಿಲ್ಲ. ಈ ವಿಷಯದಲ್ಲಿ ಅವನ ಮಾತಿಗೂ ನನ್ನ ಮಾತಿಗೂ ಅಂಥ ವ್ಯತ್ಯಾಸ ಇಲ್ಲ. ಮಂಡಿಯಲ್ಲಿ ಕೂತವರ ಮಾತಿಗೂ ಇದೇ ಎಚ್ಚರ ಬೇಕು. ಅವರಿಗೆ ಇವತ್ತಿನ ದರ ಚೆನ್ನಾಗಿ ಗೊತ್ತು. ಆರು ತಿಂಗಳ ನಂತರದ್ದು ಬೇರೆಯೇ ಪ್ರಶ್ನೆ.

ಹಾಗಾಗಿ 'ಇವರು ತಿಳಿದವರು' ಎಂಬ ಮಾತನ್ನು ಅರ್ಧಕ್ಕೇ ನಿಲ್ಲಿಸಬಾರದು. ಯಾವುದರಲ್ಲಿ ತಿಳಿದವರು? ಅವರ ಅಂದಾಜು ತಪ್ಪಾದರೆ ಅವರಿಗೆ ಅದು ಗೊತ್ತಾಗುತ್ತದೆಯೇ? ವರ್ಷಾನುಗಟ್ಟಲೆ ಸಲಹೆ ಕೊಟ್ಟು, ಅದರ ಫಲ ಏನಾಯಿತೆಂದು ಒಮ್ಮೆಯೂ ತಿರುಗಿ ನೋಡದವರು ಎಷ್ಟೋ ಮಂದಿ ಇದ್ದಾರೆ.

ಬಹಳ ದೊಡ್ಡವರೇ ತಪ್ಪು ಎಂದಾಗ

1935ರ ಜನವರಿ 11. ಲಂಡನ್ನಿನ ರಾಯಲ್ ಅಸ್ಟ್ರನಾಮಿಕಲ್ ಸೊಸೈಟಿಯ ಸಭೆ. 24 ವರ್ಷದ ಸುಬ್ರಹ್ಮಣ್ಯನ್ ಚಂದ್ರಶೇಖರ್ ತಮ್ಮ ಲೆಕ್ಕ ಮಂಡಿಸಿದರು. ಬೆಂಗಳೂರಿನಲ್ಲಿ ನೆಲೆಸಿದ್ದ ಸಿ.ವಿ. ರಾಮನ್ ಇವರ ಚಿಕ್ಕಪ್ಪ. ಉರಿದು ಮುಗಿದ ನಕ್ಷತ್ರ ಕುಗ್ಗಿ 'ಶ್ವೇತ ಕುಬ್ಜ'ವಾಗುತ್ತದೆ ಎಂಬುದು ಆಗ ಗೊತ್ತಿತ್ತು. ಆದರೆ ಅದಕ್ಕೊಂದು ಮಿತಿ ಇದೆ, ಅದಕ್ಕಿಂತ ಭಾರವಾದದ್ದು ಆ ಸ್ಥಿತಿಯಲ್ಲಿ ನಿಲ್ಲಲಾರದು, ಕುಸಿಯುತ್ತಲೇ ಹೋಗುತ್ತದೆ ಎಂದು ಚಂದ್ರಶೇಖರ್ ಲೆಕ್ಕ ಹಾಕಿದ್ದರು. ಆ ಮಿತಿ ಸೂರ್ಯನ ಸುಮಾರು 1.4 ಪಟ್ಟು ಎಂದು ಈಗ ಎಲ್ಲರೂ ಒಪ್ಪಿದ್ದಾರೆ.

ಅವರ ಬೆನ್ನಿಗೇ ಎದ್ದು ಮಾತಾಡಿದವರು ಆರ್ಥರ್ ಎಡಿಂಗ್ಟನ್. 1919ರ ಗ್ರಹಣದಲ್ಲಿ ಅಳತೆ ತೆಗೆದು ಐನ್‌ಸ್ಟೈನ್ ಮಾತನ್ನು ಜಗತ್ತಿಗೆ ಗಟ್ಟಿ ಮಾಡಿಕೊಟ್ಟ ಮಹಾಶಯರು. ನಕ್ಷತ್ರಗಳ ಒಳರಚನೆಯ ವಿಷಯದಲ್ಲಿ ಅವರದೇ ಕೊನೆಯ ಮಾತು ಎಂಬ ಕಾಲ. ನಕ್ಷತ್ರ ಹೀಗೆ ಅಸಂಬದ್ಧವಾಗಿ ನಡೆದುಕೊಳ್ಳದಂತೆ ತಡೆಯಲು ಪ್ರಕೃತಿಯಲ್ಲಿ ಒಂದು ನಿಯಮ ಇರಲೇಬೇಕು ಎಂದುಬಿಟ್ಟರು. ಸಭೆ ನಕ್ಕಿತು. ಎಡಿಂಗ್ಟನ್ ಅದಕ್ಕೆ ಮೊದಲು ತಿಂಗಳುಗಟ್ಟಲೆ ಚಂದ್ರಶೇಖರ್ ಕೋಣೆಗೆ ಬಂದು ಕೆಲಸ ಎಲ್ಲಿಗೆ ಬಂತು ಎಂದು ವಿಚಾರಿಸುತ್ತಿದ್ದವರು. ಹೀಗೆ ಎದುರು ನಿಲ್ಲುತ್ತೇನೆಂಬ ಸುಳಿವು ಕೊಟ್ಟಿರಲಿಲ್ಲ.

ಆ ಹುಡುಗ ಆಮೇಲೆ ಮಾಡಿದ್ದರಲ್ಲಿ ನಮಗೆ ಬೇಕಾದ ಪಾಠ ಇದೆ. ಅವರು ಟೀಕೆಯನ್ನು ಬಿಡಿಸಿ ನೋಡಿದರು. ಎಡಿಂಗ್ಟನ್ ಆಕ್ಷೇಪ ನಕ್ಷತ್ರದ್ದು ಎಂದು ಕಂಡರೂ ಬುಡದಲ್ಲಿ ಅದು ಇಲೆಕ್ಟ್ರಾನುಗಳ ನಡವಳಿಕೆಯ ಪ್ರಶ್ನೆ. ಅದು ಕ್ವಾಂಟಂ ಭೌತಶಾಸ್ತ್ರದ ಅಂಗಳ. ಅಲ್ಲಿ ಎಡಿಂಗ್ಟನ್ ಅವರಿಗಿಂತ ಚೆನ್ನಾಗಿ ಬಲ್ಲವರು ಇದ್ದರು. ಕೋಪನ್‌ಹೇಗನ್ನಿನಲ್ಲಿದ್ದ ಲಿಯೋನ್ ರೋಸೆನ್‌ಫೆಲ್ಡ್ ಅವರಿಗೆ ಚಂದ್ರಶೇಖರ್ ಪತ್ರ ಬರೆದರು. ಅಲ್ಲಿ ನೀಲ್ಸ್ ಬೋರ್ ಇದ್ದರು. ವೋಲ್ಫ್‌ಗಾಂಗ್ ಪೌಲಿ ಅವರಿಗೂ ವಿಷಯ ಹೋಯಿತು. ಲೆಕ್ಕದಲ್ಲಿ ತಪ್ಪಿಲ್ಲ ಎಂಬ ಉತ್ತರ ಬಂತು. ಆದರೆ ಬಹಿರಂಗವಾಗಿ ಎಡಿಂಗ್ಟನ್ ವಿರುದ್ಧ ಮಾತಾಡಲು ಅವರು ಮುಂದೆ ಬರಲಿಲ್ಲ.

ಚಂದ್ರಶೇಖರ್ 1939ರಲ್ಲಿ ತಮ್ಮ ಕೆಲಸವನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಟ್ಟು ಬೇರೆ ವಿಷಯಕ್ಕೆ ಹೊರಟರು. 1983ರಲ್ಲಿ ನೊಬೆಲ್ ಬಂತು. ಎಡಿಂಗ್ಟನ್ ಮೇಲಿನ ಗೌರವ ಮಾತ್ರ ಅವರಿಗೆ ಕೊನೆವರೆಗೂ ಕಡಿಮೆಯಾಗಲಿಲ್ಲ. ಒಂದು ಟೀಕೆಯನ್ನು ಒಪ್ಪದಿರುವುದಕ್ಕೂ ಟೀಕೆ ಮಾಡಿದವರನ್ನು ತಿರಸ್ಕರಿಸುವುದಕ್ಕೂ ಸಂಬಂಧ ಇರಬೇಕಿಲ್ಲ.

ಈ ಕಥೆಯನ್ನು ತಪ್ಪಾಗಿ ಬಳಸುವವರೂ ಇದ್ದಾರೆ. 'ದೊಡ್ಡವರು ಅಂದು ತಪ್ಪಿದ್ದರು, ಹಾಗಾಗಿ ಇಂದು ಎಲ್ಲರೂ ಬೇಡ ಎನ್ನುವ ನನ್ನ ಮದ್ದೂ ಸರಿ' ಎಂಬ ವಾದ ಎಲ್ಲೆಡೆ ಕೇಳುತ್ತದೆ. ಚಂದ್ರಶೇಖರ್ ಗೆದ್ದದ್ದು ವಿರೋಧ ಎದುರಿಸಿದ್ದಕ್ಕಲ್ಲ. ಬೇರೆ ಯಾರು ಬೇಕಾದರೂ ಕೂತು ಹಾಕಿ ನೋಡಬಹುದಾದ ಲೆಕ್ಕ ಅವರ ಕೈಯಲ್ಲಿತ್ತು.

ಇಪ್ಪತ್ತು ಜನ ಅದನ್ನೇ ಹೇಳಿದರೆ?

1906ರಲ್ಲಿ ಇಂಗ್ಲೆಂಡಿನ ಪ್ಲಿಮತ್‌ನ ಜಾನುವಾರು ಪ್ರದರ್ಶನದಲ್ಲಿ ಒಂದು ಸ್ಪರ್ಧೆ. ದೊಡ್ಡ ಎತ್ತೊಂದನ್ನು ಕಡಿದು ಸ್ವಚ್ಛ ಮಾಡಿದ ಮೇಲೆ ಮಾಂಸದ ತೂಕ ಎಷ್ಟಾದೀತು ಎಂದು ಊಹಿಸಬೇಕು. ಆರು ಪೆನ್ಸ್ ಕೊಟ್ಟು ಚೀಟಿ ಬರೆಯಬೇಕು. ಕಟುಕರೂ ರೈತರೂ ಇದ್ದರು, ಏನೂ ಗೊತ್ತಿಲ್ಲದವರೂ ಇದ್ದರು. ಫ್ರಾನ್ಸಿಸ್ ಗಾಲ್ಟನ್ ಎಂಬ ವಿಜ್ಞಾನಿ ಆ 787 ಚೀಟಿ ತರಿಸಿಕೊಂಡು ಸಾಲಾಗಿ ಜೋಡಿಸಿದ. ನಟ್ಟನಡುವಿನ ಚೀಟಿಯಲ್ಲಿ 1207 ಪೌಂಡ್ ಎಂದಿತ್ತು. ನಿಜವಾದ ತೂಕ 1198. ನೂರಕ್ಕೆ ಒಂದರಷ್ಟೂ ವ್ಯತ್ಯಾಸ ಇಲ್ಲ.

ಹಾಗಾದರೆ ಬಹಳ ಜನ ಹೇಳಿದ್ದು ಸರಿಯೇ? ಇಲ್ಲಿ ಒಂದು ಸೂಕ್ಷ್ಮ ಇದೆ. ಪ್ರತಿಯೊಬ್ಬರೂ ಎತ್ತನ್ನು ತಮ್ಮ ಕಣ್ಣಿಂದ ನೋಡಿ, ತಾವೇ ಬರೆದ ಚೀಟಿ ಅದು. ಒಬ್ಬರು ಜಾಸ್ತಿ ಹೇಳಿದರೆ ಇನ್ನೊಬ್ಬರು ಕಡಿಮೆ ಹೇಳಿ, ತಪ್ಪುಗಳು ಒಂದನ್ನೊಂದು ಕಳೆದುಕೊಂಡವು. ಮೊದಲು ಒಬ್ಬ ಗತ್ತಿನ ಮನುಷ್ಯ 'ಎರಡು ಸಾವಿರ ಪೌಂಡ್ ಗ್ಯಾರಂಟಿ' ಎಂದು ಕೂಗಿ, ಮಿಕ್ಕವರು ಅದನ್ನು ಕೇಳಿ ಬರೆದಿದ್ದರೆ ತಪ್ಪೆಲ್ಲ ಒಂದೇ ದಿಕ್ಕಿಗೆ ವಾಲುತ್ತಿತ್ತು.

1950ರ ದಶಕದಲ್ಲಿ ಸಾಲೊಮನ್ ಆಶ್ ಎಂಬ ಮನಶ್ಶಾಸ್ತ್ರಜ್ಞ ಇದನ್ನೇ ಪರೀಕ್ಷಿಸಿದ. ಮೂರು ಗೆರೆಗಳಲ್ಲಿ ಯಾವುದು ಮಾದರಿ ಗೆರೆಯಷ್ಟು ಉದ್ದ ಎಂದು ಹೇಳಬೇಕು, ಅಷ್ಟೇ. ಮಕ್ಕಳೂ ಹೇಳುವಂಥದ್ದು. ಜೊತೆಯಲ್ಲಿ ಕೂತವರೆಲ್ಲ ಮೊದಲೇ ಮಾತಾಡಿಕೊಂಡು ಬೇಕೆಂತಲೇ ತಪ್ಪು ಹೇಳಿದಾಗ, ವಿಷಯ ಗೊತ್ತಿಲ್ಲದ ಒಬ್ಬರು ಸುಮಾರು ಮೂರರಲ್ಲಿ ಒಂದು ಸಲ ಆ ತಪ್ಪನ್ನೇ ಹೇಳುತ್ತಿದ್ದರು. ಗೆರೆ ಕಣ್ಣೆದುರೇ ಇತ್ತು!

ನನ್ನ ವಾಟ್ಸಾಪ್ ಗ್ರೂಪಿನಲ್ಲಿ ನಾಲ್ಕು ಕಡೆಯಿಂದ ಬಂದ 'ಬೋರ್ಡೋ ಕಾಲ ಮುಗೀತು' ಎಂಬ ಮಾತನ್ನು ಆಮೇಲೆ ಹಿಂದೆ ಹಿಂದೆ ಹುಡುಕಿಕೊಂಡು ಹೋದೆ. ನಾಲ್ವರಿಗೂ ಅದು ಒಂದೇ ಕಡೆಯಿಂದ ಫಾರ್ವರ್ಡ್ ಆಗಿ ಬಂದಿತ್ತು. ಒಬ್ಬರೂ ತಮ್ಮ ತೋಟದಲ್ಲಿ ನೋಡಿ ಹೇಳಿದ್ದಲ್ಲ. ನಾಲ್ಕು ಬಾಯಿ, ಒಂದೇ ಮಾತು. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎಂದರಂತೆ, ಆ ಗಾದೆ ಇಂಥದ್ದಕ್ಕೇ ಹುಟ್ಟಿರಬೇಕು. ಎಣಿಸಬೇಕಾದ್ದು ಎಷ್ಟು ಜನ ಹೇಳಿದರು ಎಂದಲ್ಲ, ಎಷ್ಟು ಜನ ತಾವೇ ಹೋಗಿ ನೋಡಿದರು ಎಂದು.

ಹೇಳುವವರಿಗೆ ಏನು ಸಿಗುತ್ತದೆ

ಗೊಬ್ಬರದ ಅಂಗಡಿಯವರು ಹೊಸ ಬಾಟಲಿ ಮಾರಿದರೆ ಅವರಿಗೆ ಲಾಭ. ಕಾಲೇಜು ಸೀಟು ಕೊಡಿಸುವ ಏಜೆಂಟರಿಗೆ ಕಮಿಷನ್. ಇದು ಎಲ್ಲರಿಗೂ ಗೊತ್ತು. ಆದರೆ ಲಾಭ ಇದೆ ಎಂದ ಮಾತ್ರಕ್ಕೆ ಮಾತು ಸುಳ್ಳಾಗುವುದಿಲ್ಲ. ಆ ಅಂಗಡಿಯವರು ದಿನಾ ಹತ್ತಾರು ತೋಟದ ಸುದ್ದಿ ಕೇಳುತ್ತಾರೆ, ಎಲ್ಲಿ ಯಾವ ರೋಗ ಬಂದಿದೆ ಎಂಬುದು ಅವರಿಗೆ ಮೊದಲು ಗೊತ್ತಾಗುತ್ತದೆ. ಅವರು ಹೇಳುವ ಸುದ್ದಿಯನ್ನು ಕೇಳಬೇಕು. ಕೊಳ್ಳಿ ಎನ್ನುವ ಭಾಗವನ್ನು ಮಾತ್ರ ಲಾಭ ಇಲ್ಲದ ಇನ್ನೊಬ್ಬರ ಹತ್ತಿರ ಕೇಳಿ ನೋಡಬೇಕು.

ದುಡ್ಡಿಗಿಂತ ಕಣ್ಣಿಗೆ ಬೀಳದ ಲಾಭಗಳೂ ಇವೆ. ಹತ್ತು ಜನರ ಮುಂದೆ ಒಮ್ಮೆ ಹೇಳಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಯಾರಿಗೂ ಸುಲಭ ಅಲ್ಲ. ತಾನು ಆರಿಸಿದ ದಾರಿಯನ್ನೇ ನೀವೂ ಆರಿಸಿದರೆ ತನ್ನ ಆಯ್ಕೆ ಸರಿ ಎಂಬ ಸಮಾಧಾನ ಸಿಗುತ್ತದೆ. ಅದಕ್ಕೇ ಇಂಜಿನಿಯರಿಂಗ್ ಮಾಡಿದ ಅಣ್ಣ ಇಂಜಿನಿಯರಿಂಗ್ ಎನ್ನುತ್ತಾನೆ. ಪ್ರೀತಿಯಿಂದಲೇ ಹೇಳುತ್ತಾನೆ. ಮನೆಯವರ ಮಾತಿನಲ್ಲಿ ಇನ್ನೊಂದು ತೊಡಕು: ಅವರು ನಿಮಗೆ ನೋವಾಗಬಾರದೆಂದು ತಪ್ಪನ್ನು ಮುಚ್ಚುತ್ತಾರೆ, ಇಲ್ಲವೇ ಭಯದಿಂದ ಹೆಚ್ಚು ಮಾಡಿ ಹೇಳುತ್ತಾರೆ. ನಿಮ್ಮ ಸ್ವಭಾವ ಮಾತ್ರ ಅವರಷ್ಟು ಬಲ್ಲವರು ಬೇರೆ ಇಲ್ಲ. 'ನೀನು ಸಿಟ್ಟಿನಲ್ಲಿ ಕೆಲಸ ಬಿಡುತ್ತಿದ್ದೀಯ' ಎಂದು ಹೆಂಡತಿ ಹೇಳಿದರೆ ಅದು ಯಾವ ತಜ್ಞರ ಮಾತಿಗಿಂತಲೂ ತೂಕದ್ದು. ಮುಂದಿನ ಕೆಲಸ ಎಲ್ಲಿ ಸಿಕ್ಕೀತು ಎಂಬುದು ಅವರಿಗೂ ಗೊತ್ತಿಲ್ಲ.

ನಾನು ಈಚೆಗೆ ಕೇಳುವ ಒಂದು ಪ್ರಶ್ನೆ ಬಹಳ ಉಪಯೋಗಕ್ಕೆ ಬಂದಿದೆ: 'ನಿಮ್ಮ ಮಾತು ತಪ್ಪು ಎಂದು ನನಗೆ ಹೇಗೆ ಗೊತ್ತಾಗುತ್ತದೆ?' ಅಡಿಕೆ ಮರದ ಎಲೆಗೆ, ಅಂದರೆ ಸೋಗೆಗೆ, ಬರುವ ಎಲೆಚುಕ್ಕಿ ರೋಗದ ಬಗ್ಗೆ ಕೇಳಿದಾಗ ತೋಟಗಾರಿಕೆಯ ವಿಜ್ಞಾನಿಯೊಬ್ಬರು ತಕ್ಷಣ ಉತ್ತರ ಕೊಟ್ಟರು. 'ಹೊಸದಾಗಿ ಬಿಟ್ಟ ಸೋಗೆ ನೋಡಿ. ಅದರ ಮೇಲೂ ಚುಕ್ಕಿ ಏರುತ್ತಿದ್ದರೆ ನಾನು ಹೇಳಿದ್ದು ಕೆಲಸ ಮಾಡಿಲ್ಲ. ಹಳೇ ಸೋಗೆಯ ಚುಕ್ಕಿ ಹೋಗಲ್ಲ, ಅದನ್ನು ನೋಡಿ ತೀರ್ಮಾನ ಮಾಡ್ಬೇಡಿ.' ಬಾಟಲಿ ಮಾರುವವರಿಗೆ ಅದೇ ಪ್ರಶ್ನೆ ಹಾಕಿದೆ. ರೋಗ ಹೋದರೆ ಔಷಧಿಯಿಂದ, ಹೋಗದಿದ್ದರೆ ನೀವು ಸರಿಯಾಗಿ ಹೊಡೆಸಿಲ್ಲ ಎಂದರು. ಯಾವ ಫಲ ಬಂದರೂ ಸರಿಯಾಗಿಯೇ ಉಳಿಯುವ ಮಾತನ್ನು ಹಿಡಿದು ನೋಡಲು ಹಿಡಿಯೇ ಇರುವುದಿಲ್ಲ.

ಎಲ್ಲವನ್ನೂ ಪರೀಕ್ಷಿಸಲು ಪುರುಸೊತ್ತು ಎಲ್ಲಿದೆ?

ನಿಜ. ಪ್ರತಿ ಮಾತಿಗೂ ಇಷ್ಟೆಲ್ಲ ಮಾಡಿದರೆ ಬದುಕು ಸಾಗುವುದಿಲ್ಲ. ಅದಕ್ಕೆ ಮೊದಲು ನೋಡಬೇಕಾದ್ದು ಪರೀಕ್ಷೆಯ ಖರ್ಚು ಎಷ್ಟು, ಕೇಳದೆ ಬಿಟ್ಟರೆ ನಷ್ಟ ಎಷ್ಟು ಎಂಬುದು. ಕೈ ತೊಳೆದು ನೋಡಲು ಒಂದು ಬೋಗುಣಿ ಕ್ಲೋರಿನ್ ಸುಣ್ಣದ ನೀರು ಸಾಕಿತ್ತು, ತೊಳೆಯದಿದ್ದರೆ ಜೀವ ಹೋಗುತ್ತಿತ್ತು. ಅಂಥ ಮಾತನ್ನು ದಾರಿಹೋಕ ಹೇಳಿದರೂ ಪರೀಕ್ಷಿಸಬೇಕು. ತೋಟವನ್ನೇ ಕಡಿದು ಬೇರೆ ಬೆಳೆ ಹಾಕಿ ಎಂಬ ಮಾತನ್ನು ಪರೀಕ್ಷಿಸಲು ಹತ್ತು ವರ್ಷ ಬೇಕು, ತಪ್ಪಿದರೆ ತಿರುಗಿ ಬರಲಾಗದು. ಅದಕ್ಕೆ ಬಹಳ ಗಟ್ಟಿ ಆಧಾರ ಕೇಳಬೇಕು, ಹೇಳಿದವರು ಯಾರೇ ಇರಲಿ. ಗೋಡೆಗೆ ಯಾವ ಬಣ್ಣ ಎಂಬುದರಲ್ಲಿ ನಿಮ್ಮ ಕಣ್ಣಿಗೆ ಹಿಡಿಸಿದ್ದೇ ಸಾಕು, ಅಲ್ವಾ?

ನನಗೆ ಕತ್ತಿಯ ಮಾತು ಮತ್ತೆ ಕಿವಿಗೆ ಬಿದ್ದದ್ದು ಮರುವರ್ಷ, ಆ ವಿಜ್ಞಾನಿಯ ಹತ್ತಿರ ಬೇರೇನೋ ಕೇಳಲು ಹೋದಾಗ. ಸುಣ್ಣದ ಚೀಲ ಎಷ್ಟು ಹಳೆಯದು ಎಂದರು. ಹಿಂದಿನ ವರ್ಷ ಒಡೆದು ಕೊಟ್ಟಿಗೆಯಲ್ಲಿ ಇಟ್ಟದ್ದು ಎಂದೆ. ಗಾಳಿಗೆ ತೆರೆದಿಟ್ಟ ಸುಣ್ಣ ಕ್ರಮೇಣ ಸೀಮೆಸುಣ್ಣದಂತಾಗಿ ಕಸುವು ಕಳೆದುಕೊಳ್ಳುತ್ತದೆ. ಆಗ ಮೈಲುತುತ್ತದ ತಾಮ್ರ ಪೂರ್ತಿ ಸುಣ್ಣದ ಜೊತೆ ಕೂಡುವುದಿಲ್ಲ. ಸರಿಯಾಗಿ ಕೂಡಿದ ದ್ರಾವಣ ಕಾಯಿಯ ಮೇಲೆ ಅಂಟಿ ಮಳೆಗೂ ನಿಲ್ಲುತ್ತದೆ, ಕೂಡದೆ ಉಳಿದ ತಾಮ್ರ ನೀರಲ್ಲಿ ತೊಳೆದು ಹೋಗುತ್ತದೆ. ಇದು ತಿಳಿಯಲು ಪ್ರಯೋಗಾಲಯ ಬೇಡ. ತಿಕ್ಕಿ ಬೆಳಗಿದ ಕಬ್ಬಿಣದ ಕತ್ತಿಯನ್ನು ದ್ರಾವಣದಲ್ಲಿ ಒಂದು ನಿಮಿಷ ಅದ್ದಿ ತೆಗೆದರೆ ಸಾಕು. ಅಲಗಿನ ಮೇಲೆ ಕೆಂಪಗೆ ತಾಮ್ರ ಕೂತರೆ ಸುಣ್ಣ ಸಾಲದು.

ಈ ವರ್ಷ ಮೇ ಕೊನೆಯಲ್ಲಿ ಅಂಗಳದಲ್ಲಿ ಡ್ರಮ್ಮು ಇಟ್ಟು ಔಷಧಿ ಕಲಸಿದೆವು. ಹೊಸ ಸುಣ್ಣವನ್ನೇ ತಂದಿದ್ದೆ. ಬೇಲಿಯಾಚೆಯ ಹಿರಿಯರನ್ನು ನಾನೇ ಹೋಗಿ ಕರೆದೆ. ಬಂದು ಕಟ್ಟೆಯ ಮೇಲೆ ಕೂತು ಕವಳ ಹಾಕಿಕೊಂಡರು. ನನ್ನ ತಮ್ಮ ಕತ್ತಿ ಅದ್ದಿ ತೆಗೆದ. ತುದಿಯಲ್ಲಿ ತೆಳ್ಳಗೆ ಕೆಂಪು. 'ನೋಡು' ಎಂದರು ಹಿರಿಯರು. ಇನ್ನೆರಡು ಚೊಂಬು ಸುಣ್ಣದ ತಿಳಿ ಹಾಕಿ ತಿರುವಿದೆವು. ಕತ್ತಿಯನ್ನು ಬೂದಿಯಲ್ಲಿ ತಿಕ್ಕಿ ಮತ್ತೆ ಅದ್ದಿದೆವು. ಈ ಸಲ ಅಲಗು ಬೆಳ್ಳಗೆ ಹೊರಬಂತು.